ಪ್ಲಾಟೊ, ಬಲೂನು, ಬೆಲ್ಟು: ವೆಂಟಿಲೇಟರ್‌ ಮೇಲಿರುವ ರೋಗಿಯ ಶ್ವಾಸಕೋಶವನ್ನು ಯಾವುದರಿಂದ ಅಳೆಯಬೇಕು?

ಇವತ್ತಿನ ಐಸಿಯು ವೆಂಟಿಲೇಟರ್ ಪರದೆಯ ಮೇಲೆ ಅಂಕಿಗಳಿಗೆ ಬರವಿಲ್ಲ. ಕಂಪ್ಲಯನ್ಸ್ (ಶ್ವಾಸಕೋಶ ಹಿಗ್ಗುವ ಗುಣ), ರೆಸಿಸ್ಟೆನ್ಸ್ (ಗಾಳಿಯ ದಾರಿಯ ಅಡೆತಡೆ), ಆಟೊ ಪೀಪ್ (ಪೂರ್ತಿ ಹೊರಬರದೆ ಒಳಗೇ ಉಳಿದ ಗಾಳಿಯ ಒತ್ತಡ), ಮೆಕ್ಯಾನಿಕಲ್ ಪವರ್ (ಯಂತ್ರ ನಿಮಿಷಕ್ಕೆ ಹಾಕುವ ಶಕ್ತಿ) ಎಲ್ಲವೂ ಯಾರೂ ಬಟನ್ ಮುಟ್ಟದಿದ್ದರೂ ತಾವಾಗಿಯೇ ಬದಲಾಗುತ್ತಿರುತ್ತವೆ. ತೊಂದರೆ ಇರುವುದೂ ಅಲ್ಲೇ. ರೋಗಿ ಸ್ವಂತವಾಗಿ ಉಸಿರೆಳೆಯುತ್ತಿರುವಾಗ ಈ ಅಂಕಿಗಳಲ್ಲಿ ಹೆಚ್ಚಿನವು ನಂಬಲು ಬರುವುದಿಲ್ಲ, ಆದರೂ ಕೇಸ್ ಶೀಟಿನಲ್ಲಿ ಗಂಟೆಗೊಮ್ಮೆ ಬರೆದುಕೊಳ್ಳುತ್ತಲೇ ಇರುತ್ತಾರೆ. ಇನ್ನೊಂದು ಕಡೆ, ಅನ್ನನಾಳದ ಬಲೂನು ಕೊಳ್ಳೋಣವೇ, ಗಾಳಿ ಎಲ್ಲಿ ಹೋಗುತ್ತಿದೆ ಎಂದು ವಿದ್ಯುತ್‌ನಿಂದ ತೋರಿಸುವ, ಎದೆಗೆ ಸುತ್ತುವ ಇಐಟಿ ಬೆಲ್ಟ್ ತರಿಸೋಣವೇ ಎಂಬ ಚರ್ಚೆ ನಡೆಯುವ ಘಟಕದಲ್ಲೇ ಪ್ಲಾಟೊ ಪ್ರೆಶರ್ (ಉಸಿರು ತುಂಬಿ ಹರಿವು ನಿಂತಾಗಿನ ಒತ್ತಡ) ದಿನಕ್ಕೆ ಒಂದು ಸಲವೂ ಸರಿಯಾಗಿ ಅಳೆದಿರುವುದಿಲ್ಲ.

ಈ ಬರಹ ಐಸಿಯು ವೈದ್ಯರು, ನರ್ಸ್‌ಗಳು ಮತ್ತು ರೆಸ್ಪಿರೇಟರಿ ಥೆರಪಿಸ್ಟ್‌ಗಳಿಗಾಗಿ, ವಯಸ್ಕ ರೋಗಿಗಳನ್ನು ಕುರಿತದ್ದು. ಒತ್ತಡದ ಅಂಕಿಗಳೆಲ್ಲ, ಬೇರೆ ಹೇಳದಿದ್ದರೆ, ಸೆಂ.ಮೀ. ನೀರಿನ ಮಾನದಲ್ಲಿವೆ.

ಮೊದಲು ಪ್ರಶ್ನೆ, ಆಮೇಲೆ ಸಾಧನ

ಹಾಸಿಗೆಯ ಪಕ್ಕ ನಿಂತಾಗ ಕೇಳಬೇಕಾದ ಪ್ರಶ್ನೆಗಳು ಮೂರೇ. ಪ್ರತಿ ಉಸಿರಿನಲ್ಲಿ ಕೊಡುತ್ತಿರುವುದು ಈ ಶ್ವಾಸಕೋಶಕ್ಕೆ ಹೆಚ್ಚಾಯಿತೇ? ಪೀಪ್ (ಉಸಿರು ಬಿಟ್ಟ ಮೇಲೂ ಶ್ವಾಸಕೋಶದಲ್ಲಿ ಯಂತ್ರ ಉಳಿಸುವ ಒತ್ತಡ) ಎಷ್ಟಿರಬೇಕು? ರೋಗಿ ತಾನೇ ಎಳೆದುಕೊಳ್ಳುತ್ತಿರುವ ಉಸಿರು ಜೋರಾಯಿತೇ, ಅಥವಾ ತೀರಾ ಕಡಿಮೆಯಾಯಿತೇ? ಒಂದೇ ಸಾಧನ ಮೂರಕ್ಕೂ ಉತ್ತರ ಕೊಡುವುದಿಲ್ಲ.

ಇದಕ್ಕೂ ಮೊದಲು ಒಂದು ಗೆರೆ ಎಳೆಯಬೇಕು: ರೋಗಿ ಪೂರ್ತಿ ನಿಶ್ಚೇಷ್ಟನೋ, ಉಸಿರಾಟಕ್ಕೆ ತಾನೂ ಶ್ರಮ ಹಾಕುತ್ತಿದ್ದಾನೋ? ಸೆಟ್ ಮಾಡಿದ ರೇಟ್ 20, ಪರದೆಯ ಮೇಲೂ 20 ಎಂದಮಾತ್ರಕ್ಕೆ ನಿಶ್ಚೇಷ್ಟ ಎಂದುಕೊಳ್ಳಬಾರದು. ಯಂತ್ರ ಕೊಟ್ಟ ಉಸಿರಿನ ಬೆನ್ನಿಗೇ ವಪೆ (ಎದೆ, ಹೊಟ್ಟೆಯ ನಡುವಿನ ಉಸಿರಾಟದ ಸ್ನಾಯು) ಸಂಕುಚಿಸುವ ರಿವರ್ಸ್ ಟ್ರಿಗರಿಂಗ್‌ನಲ್ಲಿ ರೇಟ್ ಬದಲಾಗದೆಯೇ ಸ್ನಾಯು ಕೆಲಸ ಮಾಡುತ್ತಿರುತ್ತದೆ. ಎಕ್ಸ್‌ಪಿರೇಟರಿ ಹೋಲ್ಡ್ (ಉಸಿರು ಬಿಟ್ಟ ಕೊನೆಯಲ್ಲಿ ಕೊಳವೆ ಮುಚ್ಚುವುದು) ಹಿಡಿದು ಒತ್ತಡದ ಗೆರೆ ಕೆಳಕ್ಕೆ ಕುಸಿಯುತ್ತದೆಯೇ ನೋಡಿ, ಉಸಿರು ಬಿಡುವ ಹರಿವಿನ ಗೆರೆಯಲ್ಲಿ ನಡುವೆ ಹಳ್ಳ ಬೀಳುತ್ತಿದೆಯೇ ನೋಡಿ. ಎರಡೂ ಇಲ್ಲದಿದ್ದರೆ ಮಾತ್ರ ನಿಶ್ಚೇಷ್ಟ ರೋಗಿಯ ಅಳತೆಗಳನ್ನು ಬಳಸಬಹುದು.

ಹೋಲ್ಡ್ ಬಟನ್: ಖರ್ಚಿಲ್ಲದ್ದು, ಹೆಚ್ಚು ಕೆಟ್ಟದಾಗಿ ಮಾಡುವುದು

ಉಸಿರೆಳೆದ ಕೊನೆಯಲ್ಲಿ ಕೊಳವೆ ಮುಚ್ಚುವ ಇನ್‌ಸ್ಪಿರೇಟರಿ ಹೋಲ್ಡ್‌ನಿಂದ ಪ್ಲಾಟೊ ಪ್ರೆಶರ್, ಡ್ರೈವಿಂಗ್ ಪ್ರೆಶರ್, ಕಂಪ್ಲಯನ್ಸ್, ರೆಸಿಸ್ಟೆನ್ಸ್ ನಾಲ್ಕೂ ಸಿಗುತ್ತವೆ. ಉಳಿದ ಯಾವ ವಿಧಾನವನ್ನು ಆರಿಸಿದರೂ ಅದು ಇದರ ಮೇಲೆಯೇ ನಿಲ್ಲುವುದರಿಂದ ಇಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲಬೇಕು.

ಪ್ರತಿ ಉಸಿರಿಗೂ ಗೊತ್ತುಮಾಡಿದಷ್ಟೇ ಗಾಳಿ ಕೊಡುವ ವಾಲ್ಯೂಮ್ ಕಂಟ್ರೋಲ್‌ಗೆ ಬನ್ನಿ, ಹರಿವು ಚೌಕಾಕಾರದ್ದಿರಲಿ, ಸಾಧ್ಯವಾದರೆ ನಿಮಿಷಕ್ಕೆ 60 ಲೀಟರ್ ಇಡಿ. ಟ್ಯೂಬಿನ ಕಫ್ (ಸೋರಿಕೆ ತಡೆಯುವ ಗಾಳಿಚೀಲ) ಒತ್ತಡ 25ರಿಂದ 30ರ ನಡುವೆ ಇದೆಯೇ ನೋಡಿ. ಒಳಗೆ ಹೋದ ಮತ್ತು ಹೊರಗೆ ಬಂದ ಟೈಡಲ್ ವಾಲ್ಯೂಮ್ (ಒಂದು ಉಸಿರಿನ ಗಾಳಿ) ಹೋಲಿಸಿ. ದೊಡ್ಡ ಅಂತರವಿದ್ದರೆ ಎಲ್ಲೋ ಸೋರುತ್ತಿದೆ ಅಥವಾ ಫ್ಲೋ ಸೆನ್ಸರ್‌ನಲ್ಲಿ ನೀರು ಕೂತಿದೆ. ಸಕ್ಷನ್ ಮಾಡಿದ ಅಥವಾ ಮಗ್ಗುಲು ಬದಲಿಸಿದ ಕೂಡಲೇ ಅಳೆಯಬೇಡಿ, ಕೆಲವು ನಿಮಿಷ ಬಿಡಿ. ಮೊದಲು ಎಕ್ಸ್‌ಪಿರೇಟರಿ ಹೋಲ್ಡ್ ಹಿಡಿದು ಒಟ್ಟು ಪೀಪ್ (ಸೆಟ್ ಮಾಡಿದ್ದು ಮತ್ತು ಆಟೊ ಪೀಪ್ ಸೇರಿ) ಬರೆದುಕೊಳ್ಳಿ. ಕೆಲವು ಉಸಿರು ಕಳೆದ ಮೇಲೆ ಇನ್‌ಸ್ಪಿರೇಟರಿ ಹೋಲ್ಡ್ ಒತ್ತಿ.

ಎಷ್ಟು ಹೊತ್ತು ಹಿಡಿಯಬೇಕು ಎಂಬಲ್ಲಿ ಗೊಂದಲ ಬಹಳ. ದಿನನಿತ್ಯದ ಡ್ರೈವಿಂಗ್ ಪ್ರೆಶರ್‌ಗೆ 0.3ರಿಂದ 0.5 ಸೆಕೆಂಡ್ ಸಾಕು. ಮೂರು ಸೆಕೆಂಡ್ ಹಿಡಿದರೆ ಗಾಳಿ ಒಂದು ಭಾಗದಿಂದ ಇನ್ನೊಂದಕ್ಕೆ ಹರಿದು, ಅಂಗಾಂಶವೂ ಸಡಿಲಗೊಂಡು, ಒತ್ತಡ ಒಂದೆರಡು ಅಂಕಿ ಕೆಳಗಿಳಿಯುತ್ತದೆ. ಎರಡೂ ತಪ್ಪಲ್ಲ, ಆದರೆ ಬೆಳಿಗ್ಗೆಯವರು ಅರ್ಧ ಸೆಕೆಂಡ್, ರಾತ್ರಿಯವರು ಮೂರು ಸೆಕೆಂಡ್ ಹಿಡಿದರೆ ಶ್ವಾಸಕೋಶ ಸುಧಾರಿಸಿದಂತೆ ಕಾಣುತ್ತದೆ, ಸುಧಾರಿಸಿರುವುದಿಲ್ಲ. ಘಟಕಕ್ಕೆಲ್ಲ ಒಂದೇ ಅವಧಿ ಗೊತ್ತುಮಾಡಿ ಗೋಡೆಗೆ ಅಂಟಿಸಿ. ಹಿಡಿದಷ್ಟು ಹೊತ್ತೂ ಒತ್ತಡ ಒಂದೇ ಸಮನೆ ಇಳಿಯುತ್ತಿದ್ದರೆ ಅದು ಸೋರಿಕೆ, ಪ್ಲಾಟೊ ಅಲ್ಲ. ಏರುತ್ತಿದ್ದರೆ ರೋಗಿ ಹೊಟ್ಟೆ ಬಿಗಿಹಿಡಿದಿದ್ದಾನೆ, ಅಥವಾ ಎಳೆಯುತ್ತಿದ್ದ ಉಸಿರನ್ನು ಸಡಿಲಬಿಟ್ಟಿದ್ದಾನೆ.

ಪ್ಲಾಟೊದಿಂದ ಒಟ್ಟು ಪೀಪ್ ಕಳೆದರೆ ಡ್ರೈವಿಂಗ್ ಪ್ರೆಶರ್. ಸೆಟ್ ಮಾಡಿದ ಪೀಪ್ ಅಲ್ಲ, ಒಟ್ಟು ಪೀಪ್. ಆಟೊ ಪೀಪ್ 4 ಇರುವ ಸಿಒಪಿಡಿ (ದೀರ್ಘಕಾಲದ ಶ್ವಾಸನಾಳ ಅಡಚಣೆ) ರೋಗಿಯಲ್ಲಿ ಇದನ್ನು ಮರೆತರೆ ಡ್ರೈವಿಂಗ್ ಪ್ರೆಶರ್ 4 ಹೆಚ್ಚಾಗಿ ಕಾಣುತ್ತದೆ. ಇನ್ನು ಪೀಕ್ (ಉಸಿರೆಳೆಯುವಾಗಿನ ಗರಿಷ್ಠ ಒತ್ತಡ) ಮತ್ತು ಪ್ಲಾಟೊ ನಡುವಿನ ಅಂತರವನ್ನು ಸೆಕೆಂಡಿಗೆ ಲೀಟರ್ ಲೆಕ್ಕದ ಹರಿವಿನಿಂದ ಭಾಗಿಸಿದರೆ ರೆಸಿಸ್ಟೆನ್ಸ್. ಹರಿವು ನಿಮಿಷಕ್ಕೆ 60 ಲೀಟರ್ ಇದ್ದರೆ ಅಂತರವೇ ರೆಸಿಸ್ಟೆನ್ಸ್, ಲೆಕ್ಕ ಹಾಕುವ ಕೆಲಸವೂ ಇಲ್ಲ. 15 ದಾಟಿದರೆ ಮೊದಲು ಟ್ಯೂಬ್ ಮಡಚಿದೆಯೇ, ಕಚ್ಚುತ್ತಿದ್ದಾನೆಯೇ, ಗಾಳಿಗೆ ತೇವ ಕೊಡುವ ಎಚ್‌ಎಂಇ ಫಿಲ್ಟರ್ ಒದ್ದೆಯಾಗಿದೆಯೇ, ಟ್ಯೂಬಿನೊಳಗೆ ಕಫ ಗಟ್ಟಿಯಾಗಿದೆಯೇ ನೋಡಿ, ನೆಬ್ಯುಲೈಸೇಶನ್ ಆಮೇಲೆ. ನಮ್ಮ ಹೊಲಸೀಮೆಯ ಆಸ್ಪತ್ರೆಗಳಿಗೆ ಬರುವ ಕೀಟನಾಶಕ ಕುಡಿದ ರೋಗಿಗಳಲ್ಲಿ ಈ ಒಂದು ಅಂಕಿ ಬಹಳ ಉಪಯೋಗಿ: ಸ್ರಾವ ಮತ್ತು ಶ್ವಾಸನಾಳದ ಬಿಗಿತದಿಂದ ಪೀಕ್ ಏರುತ್ತದೆ, ಪ್ಲಾಟೊ ಹಾಗೇ ಇರುತ್ತದೆ. ಅಟ್ರೋಪಿನ್ ಸಾಲುತ್ತಿದೆಯೇ ಎಂದು ತೂಗುವಾಗ ಎದೆಗೆ ಸ್ಟೆತಾಸ್ಕೋಪ್ ಇಟ್ಟು ಕೇಳಿದ್ದರ ಜೊತೆ ಈ ಅಂತರವನ್ನೂ ಇಟ್ಟು ನೋಡಬಹುದು.

ಗಾಳಿಯ ಬದಲು ಒತ್ತಡವನ್ನು ಗೊತ್ತುಮಾಡುವ ಪ್ರೆಶರ್ ಕಂಟ್ರೋಲ್‌ನಲ್ಲಿ ಪರದೆಯ ಪೀಕ್ ಅನ್ನೇ ಪ್ಲಾಟೊ ಎಂದು ಬರೆಯುವ ರೂಢಿ ಇದೆ. ಉಸಿರೆಳೆದು ಮುಗಿಯುವ ಹೊತ್ತಿಗೆ ಹರಿವು ಸೊನ್ನೆಗೆ ಬಂದಿದ್ದರೆ, ರೋಗಿಯೂ ಎಳೆಯುತ್ತಿಲ್ಲದಿದ್ದರೆ ಮಾತ್ರ ಅದು ಒಪ್ಪುತ್ತದೆ.

ಅಂಕಿ ಸರಿಯಿದ್ದರೂ ಛೇದವೇ ತಪ್ಪಾಗುವುದುಂಟು. ಟೈಡಲ್ ವಾಲ್ಯೂಮ್‌ಗೆ ಬೇಕಿರುವುದು ರೋಗಿಯ ತೂಕವಲ್ಲ, ಎತ್ತರದಿಂದ ಬರುವ ತೂಕ. ಗಂಡಸರಿಗೆ 50 + 0.91 × (ಎತ್ತರ ಸೆಂ.ಮೀ. − 152.4), ಹೆಂಗಸರಿಗೆ 50ರ ಬದಲು 45.5. ಎತ್ತರ 150 ಸೆಂ.ಮೀ. ಇರುವ ಹೆಂಗಸಿಗೆ ಇದು 43.3 ಕೆ.ಜಿ. ಆಗುತ್ತದೆ, ಕೆ.ಜಿ.ಗೆ 6 ಮಿ.ಲೀ. ಎಂದರೆ 260 ಮಿ.ಲೀ. ಮಾತ್ರ. ಆಕೆಗೆ ರೂಢಿಯಂತೆ 400 ಮಿ.ಲೀ. ಇಟ್ಟರೆ ಕೆ.ಜಿ.ಗೆ 9 ಮಿ.ಲೀ. ದಾಟಿಹೋಯಿತು. ಕಣ್ಣಂದಾಜು ಬೇಡ, ಟೇಪ್ ಹಿಡಿದು ಅಳೆಯಿರಿ. ನಮ್ಮ ಕಡೆ ಶ್ವಾಸಕೋಶ ಉಳಿಸುವ ಅತಿ ಅಗ್ಗದ ಉಪಕರಣ ದರ್ಜಿಯ ಟೇಪೇ ಸೈ.

ಪ್ಲಾಟೊ, ಡ್ರೈವಿಂಗ್ ಪ್ರೆಶರ್, ಮೆಕ್ಯಾನಿಕಲ್ ಪವರ್: ಮೂರರಲ್ಲಿ ಯಾವುದನ್ನು ಹಿಂಬಾಲಿಸಬೇಕು?

ಪ್ಲಾಟೊ 30ರ ಒಳಗಿರಬೇಕು ಎಂಬ ಮಿತಿಯ ಹಿಂದೆ ಗಟ್ಟಿ ಪ್ರಯೋಗವಿದೆ. 2000ನೇ ಇಸವಿಯಲ್ಲಿ ಪ್ರಕಟವಾದ ಎಆರ್‌ಡಿಎಸ್ (ಶ್ವಾಸಕೋಶಕ್ಕೆ ದಿಢೀರನೆ ಆಗುವ ತೀವ್ರ ಹಾನಿ) ನೆಟ್‌ವರ್ಕ್‌ನ ಅಧ್ಯಯನದಲ್ಲಿ 861 ರೋಗಿಗಳಿದ್ದರು, ಕೆ.ಜಿ.ಗೆ 12ರ ಬದಲು 6 ಮಿ.ಲೀ. ಕೊಟ್ಟು ಪ್ಲಾಟೊವನ್ನು 30ರೊಳಗೆ ಇಟ್ಟಾಗ ಸಾವು ಶೇ. 39.8ರಿಂದ 31ಕ್ಕೆ ಇಳಿಯಿತು. ಡ್ರೈವಿಂಗ್ ಪ್ರೆಶರ್‌ನ ಕಥೆ ಬೇರೆ. 2015ರಲ್ಲಿ ಅಮಾಟೊ ಮತ್ತು ಸಂಗಡಿಗರು ಹಳೆಯ ಒಂಬತ್ತು ಪ್ರಯೋಗಗಳ 3,562 ರೋಗಿಗಳ ಮಾಹಿತಿಯನ್ನು ಮತ್ತೆ ಜಾಲಾಡಿ, ಸಾವಿನ ಜೊತೆ ಎಲ್ಲಕ್ಕಿಂತ ಹತ್ತಿರದ ನಂಟಿರುವುದು ಇದಕ್ಕೇ ಎಂದು ತೋರಿಸಿದರು. ಅದು ನಂಟು, ಇದನ್ನು ಗುರಿಯಾಗಿಟ್ಟುಕೊಂಡು ಹೊಂದಿಸಿದರೆ ಜೀವ ಉಳಿಯುತ್ತದೆ ಎಂಬುದಕ್ಕೆ ಅದು ರುಜುವಾತಲ್ಲ. ಆದರೂ ಕೊಡುವ ಉಸಿರಿನ ಗಾತ್ರಕ್ಕೂ ಅದನ್ನು ಹಿಡಿಸಿಕೊಳ್ಳುವ ಶ್ವಾಸಕೋಶಕ್ಕೂ ಇರುವ ಹೊಂದಾಣಿಕೆಯನ್ನು ಇಷ್ಟು ಸುಲಭವಾಗಿ ಹೇಳುವ ಇನ್ನೊಂದು ಅಂಕಿ ಇಲ್ಲ. 15 ದಾಟದಂತೆ ನೋಡಿಕೊಳ್ಳುವುದು ಈಗಿನ ರೂಢಿ.

ಮೆಕ್ಯಾನಿಕಲ್ ಪವರ್ ರೇಟನ್ನೂ ಲೆಕ್ಕಕ್ಕೆ ತರುತ್ತದೆ. ವಾಲ್ಯೂಮ್ ಕಂಟ್ರೋಲ್‌ಗೆ ಸೂತ್ರ: 0.098 × ರೇಟ್ × ಟೈಡಲ್ ವಾಲ್ಯೂಮ್ (ಲೀಟರ್) × (ಪೀಕ್ − ಡ್ರೈವಿಂಗ್ ಪ್ರೆಶರ್‌ನ ಅರ್ಧ). ರೇಟ್ 24, ವಾಲ್ಯೂಮ್ 0.36 ಲೀಟರ್, ಪೀಕ್ 30, ಡ್ರೈವಿಂಗ್ ಪ್ರೆಶರ್ 14 ಇದ್ದರೆ ನಿಮಿಷಕ್ಕೆ ಸುಮಾರು 19.5 ಜೂಲ್. 17ರ ಮೇಲೆ ಹೋದಾಗ ಸಾವಿನ ಅಪಾಯ ಹೆಚ್ಚು ಕಂಡಿದೆ. ಆದರೆ ಈ ಅಂಕಿ ಇಳಿಸಲು ಏನು ಮಾಡಬೇಕು ಎಂದು ಅದೇ ಹೇಳುವುದಿಲ್ಲ, ಟ್ಯೂಬಿನ ಅಡೆತಡೆಗೆ ಖರ್ಚಾದ ಶಕ್ತಿಯನ್ನೂ ಶ್ವಾಸಕೋಶದ ಲೆಕ್ಕಕ್ಕೇ ಹಾಕುತ್ತದೆ. ಹಾಸಿಗೆಯ ಪಕ್ಕಕ್ಕೆ ಇದಕ್ಕಿಂತ ಒದಗುವುದು 2021ರಲ್ಲಿ ಬಂದ ಸರಳ ಲೆಕ್ಕ: ಡ್ರೈವಿಂಗ್ ಪ್ರೆಶರ್‌ನ ನಾಲ್ಕು ಪಟ್ಟಿಗೆ ರೇಟ್ ಕೂಡಿಸಿ. ಮೇಲಿನ ರೋಗಿಗೆ 56 + 24 = 80. ವಾಲ್ಯೂಮ್ ಇಳಿಸಿದ್ದರಿಂದ ಡ್ರೈವಿಂಗ್ ಪ್ರೆಶರ್ 2 ಕಡಿಮೆಯಾಗಿ, ಇಂಗಾಲದ ಡೈಆಕ್ಸೈಡ್ ಸರಿದೂಗಿಸಲು ರೇಟ್ 5 ಏರಿಸಬೇಕಾಯಿತು ಎನ್ನಿ: 48 + 29 = 77. ಬದಲಾವಣೆ ಲಾಭದ್ದೇ. ಕಂಪ್ಲಯನ್ಸ್ ಚೆನ್ನಾಗಿರುವ ರೋಗಿಯಲ್ಲಿ ಅದೇ ಬದಲಾವಣೆಯಿಂದ ಡ್ರೈವಿಂಗ್ ಪ್ರೆಶರ್ ಒಂದೇ ಅಂಕಿ ಇಳಿದು ರೇಟ್ 8 ಏರಿದರೆ ನಷ್ಟ.

ಪೀಪ್ ಆರಿಸಲು ನಾಲ್ಕೈದು ದಾರಿ

ಸೌಮ್ಯ ಎಆರ್‌ಡಿಎಸ್‌ನಲ್ಲಿ ಎಆರ್‌ಡಿಎಸ್ ನೆಟ್‌ವರ್ಕ್‌ನ ಪೀಪ್–ಆಮ್ಲಜನಕ ಕೋಷ್ಟಕ ಸಾಕು. ಅದರಿಂದಾಚೆ ಹೋಗಲು ಕಾರಣವಿರಬೇಕು: ಆಮ್ಲಜನಕ ಶೇ. 60ಕ್ಕಿಂತ ಕೆಳಗಿಳಿಯುತ್ತಿಲ್ಲ, ರೋಗಿ ತುಂಬಾ ದಪ್ಪ, ಹೊಟ್ಟೆ ಉಬ್ಬಿ ಬಿಗಿದಿದೆ, ಅಥವಾ ಪೀಪ್ ಏರಿಸಿದಾಗ ರಕ್ತದೊತ್ತಡ ಬಿದ್ದು ಕಂಪ್ಲಯನ್ಸೂ ಕೆಡುತ್ತಿದೆ.

ಸ್ಟ್ರೆಸ್ ಇಂಡೆಕ್ಸ್‌ಗೆ ಏನೂ ಬೇಕಿಲ್ಲ, ಕಣ್ಣು ಸಾಕು. ಹರಿವು ಸ್ಥಿರವಾಗಿರುವಾಗ ಒತ್ತಡದ ಗೆರೆ ನೇರವಾಗಿ ಏರಿದರೆ ಸರಿ, ಕೊನೆಯಲ್ಲಿ ಮೇಲಕ್ಕೆ ಬಾಗಿದರೆ (1.1ಕ್ಕಿಂತ ಹೆಚ್ಚು) ಅತಿಯಾಗಿ ಹಿಗ್ಗುತ್ತಿದೆ, ಕಮಾನಿನಂತೆ ಬಾಗಿ ಚಪ್ಪಟೆಯಾದರೆ (0.9ಕ್ಕಿಂತ ಕಡಿಮೆ) ಉಸಿರೆಳೆಯುವಾಗಲೇ ಮುಚ್ಚಿದ ಭಾಗ ತೆರೆದುಕೊಳ್ಳುತ್ತಿದೆ. ಎದೆಯಲ್ಲಿ ನೀರು ತುಂಬಿದ್ದರೆ, ಎದೆಗೂಡು ಬಿಗಿಯಾಗಿದ್ದರೆ ಇದು ಮೋಸ ಮಾಡುತ್ತದೆ. ನಮ್ಮ ಮಟ್ಟಿಗೆ ಇದು ಎಚ್ಚರಿಕೆಯ ಗಂಟೆ, ಪೀಪ್ ನಿರ್ಧರಿಸುವ ತಕ್ಕಡಿಯಲ್ಲ.

ಅದಕ್ಕಿಂತ ಗಟ್ಟಿಯಾದದ್ದು ರಿಕ್ರೂಟ್‌ಮೆಂಟ್–ಇನ್‌ಫ್ಲೇಶನ್ ಅನುಪಾತ, ಚಿಕ್ಕದಾಗಿ ಆರ್/ಐ. ಪೀಪ್ ಏರಿಸಿದಾಗ ಒಳಗುಳಿಯುವ ಹೆಚ್ಚಿನ ಗಾಳಿ ಹೊಸದಾಗಿ ತೆರೆದ ವಾಯುಕೋಶಗಳಿಗೆ ಹೋಯಿತೋ, ಆಗಲೇ ತೆರೆದಿದ್ದವನ್ನೇ ಇನ್ನಷ್ಟು ಹಿಗ್ಗಿಸಿತೋ ಎಂದು ಹೇಳುತ್ತದೆ. ಯಾವ ಹೊಸ ಸಾಧನವೂ ಬೇಡ. ಆದರೆ ಅದಕ್ಕೂ ಮೊದಲು ಶ್ವಾಸನಾಳ ಮುಚ್ಚಿಕೊಂಡಿದೆಯೇ ಎಂದು ನೋಡಬೇಕು. ಪೀಪ್ 5ಕ್ಕೆ ಇಳಿಸಿ, ಪೂರ್ತಿ ಉಸಿರು ಬಿಡಲು ಅವಕಾಶ ಕೊಟ್ಟು, ನಿಮಿಷಕ್ಕೆ 5–6 ಲೀಟರ್‌ನಷ್ಟು ಮೆಲ್ಲಗೆ ಗಾಳಿ ತುಂಬಿಸಿ. 300 ಮಿ.ಲೀ. ತುಂಬಲು ಮೂರು ಸೆಕೆಂಡಿನ ಮೇಲೆ ಬೇಕಾಗುತ್ತದೆ, ಹಾಗಾಗಿ ರೇಟ್ ಇಳಿಸಿರಬೇಕು. ಒತ್ತಡ ಮೊದಲು ಕಡಿದಾಗಿ ಏರಿ ಒಂದು ಕಡೆ ಥಟ್ಟನೆ ಬಾಗಿದರೆ, ಬಾಗಿದ ಬಿಂದುವೇ ಶ್ವಾಸನಾಳ ತೆರೆಯುವ ಒತ್ತಡ. ಅಲ್ಲಿಯವರೆಗೆ ಗಾಳಿ ಹೋದದ್ದು ಸರ್ಕ್ಯೂಟಿನ ಕೊಳವೆಗಳಿಗೆ. ದಪ್ಪಗಿರುವವರಲ್ಲಿ ಇದು ಹೆಚ್ಚು. ಈ ಬಿಂದು 11 ಇದ್ದರೆ ಪೀಪ್ 6 ಇಡುವುದರಲ್ಲಿ ಅರ್ಥವಿಲ್ಲ, ಡ್ರೈವಿಂಗ್ ಪ್ರೆಶರ್ ಲೆಕ್ಕವನ್ನೂ 11ರಿಂದ ಹಾಕಬೇಕು.

ಆಮೇಲೆ ಆರ್/ಐ. ಪೀಪ್ 15ರಲ್ಲಿ ಕೆಲವು ನಿಮಿಷ ಬಿಡಿ. ಆಟೊ ಪೀಪ್ ಆಗದಂತೆ ರೇಟ್ 8ರ ಆಸುಪಾಸಿಗೆ ತಂದು, ಒಂದೇ ಉಸಿರಿನಲ್ಲಿ ಪೀಪನ್ನು 5ಕ್ಕೆ ಇಳಿಸಿ. ಆ ಉಸಿರಿನಲ್ಲಿ ಹೊರಬಂದ ಪೂರ್ತಿ ವಾಲ್ಯೂಮ್ ಬರೆದುಕೊಳ್ಳಿ, ಬಳಿಕ ಪೀಪ್ 5ರಲ್ಲಿ ಪ್ಲಾಟೊ ಅಳೆಯಿರಿ. ಉದಾಹರಣೆಗೆ ಟೈಡಲ್ ವಾಲ್ಯೂಮ್ 360, ಹೊರಬಂದದ್ದು 860, ಪೀಪ್ 5ರಲ್ಲಿ ಪ್ಲಾಟೊ 17. ಅಲ್ಲಿಗೆ ಕಂಪ್ಲಯನ್ಸ್ 360 ÷ 12 = 30. ಪೀಪ್ 10 ಇಳಿದದ್ದಕ್ಕೆ ಬರಬೇಕಾದದ್ದು 30 × 10 = 300 ಮಿ.ಲೀ. 860ರಿಂದ 360 ಮತ್ತು 300 ಕಳೆದರೆ 200 ಮಿ.ಲೀ. ಉಳಿಯಿತು, ಅದು ಹೊಸದಾಗಿ ತೆರೆದಿದ್ದ ಜಾಗ. 200 ÷ 10 = 20, ಅದನ್ನು 30ರಿಂದ ಭಾಗಿಸಿದರೆ 0.67. 0.5ರ ಮೇಲಿದ್ದರೆ ಹೆಚ್ಚು ಪೀಪ್‌ಗೆ ಶ್ವಾಸಕೋಶ ಸ್ಪಂದಿಸುತ್ತದೆ ಎಂದು ಸಾಮಾನ್ಯವಾಗಿ ಹಿಡಿಯುತ್ತಾರೆ, 0.3ರ ಸುತ್ತ ಇದ್ದರೆ ಪೀಪ್ ಏರಿಸಿ ಪ್ರಯೋಜನವಿಲ್ಲ, ಮಗುಚಿ ಮಲಗಿಸುವುದರ ಬಗ್ಗೆ ಯೋಚಿಸಿ. ತಪ್ಪುವುದು ಎಲ್ಲೆಂದರೆ, ಕೆಲವು ಯಂತ್ರಗಳು ಪೀಪನ್ನು ಒಂದೇ ಉಸಿರಿನಲ್ಲಿ ಇಳಿಸದೆ ಮೂರು ನಾಲ್ಕು ಉಸಿರಿನಲ್ಲಿ ಹಂತಹಂತವಾಗಿ ಇಳಿಸುತ್ತವೆ. ನಿಮ್ಮ ಯಂತ್ರ ಹೇಗೆ ಮಾಡುತ್ತದೆ ಎಂದು ಟೆಸ್ಟ್ ಲಂಗ್ ಹಾಕಿ ಮೊದಲೇ ನೋಡಿಕೊಳ್ಳಿ.

ಪೀಪನ್ನು ತುಂಬಾ ಮೇಲಕ್ಕೆ ಒಯ್ದು ಶ್ವಾಸಕೋಶ ‘ತೆರೆಯುವ’ ಹಟ ಬೇಡ. 2017ರ ಆರ್ಟ್ ಪ್ರಯೋಗದ 1,010 ರೋಗಿಗಳಲ್ಲಿ ಹಾಗೆ ಮಾಡಿದ ಗುಂಪಿನಲ್ಲಿ 28 ದಿನದೊಳಗಿನ ಸಾವು ಶೇ. 55.3, ಮಾಡದ ಗುಂಪಿನಲ್ಲಿ ಶೇ. 49.3 ಇತ್ತು.

ಅನ್ನನಾಳದ ಬಲೂನು ಯಾವಾಗ?

ವೆಂಟಿಲೇಟರ್ ತೋರಿಸುವ ಒತ್ತಡ ಶ್ವಾಸಕೋಶ ಮತ್ತು ಎದೆಗೂಡು ಎರಡರದ್ದೂ ಸೇರಿದ್ದು. ಎರಡನ್ನೂ ಬಿಡಿಸಿ ಹೇಳುವುದು ಬಲೂನೊಂದೇ. ಅದಕ್ಕಾಗಿ ಇದು ಬೇಕಾಗುವುದು ಎದೆಗೂಡು ಬಿಗಿಯಾಗಿದೆ ಎಂಬ ಅನುಮಾನ ಬಂದಾಗ: ಬೊಜ್ಜು, ಎದೆಯ ಸುತ್ತ ಸುಟ್ಟ ಗಾಯ, ಮೇದೋಜೀರಕದ ಉರಿಯೂತದಲ್ಲಿ ಬಿಗಿದ ಹೊಟ್ಟೆ, ತುಂಬುಗರ್ಭ. ಹೊಟ್ಟೆಯ ಸಂದರ್ಭದಲ್ಲಿ ಬಲೂನಿಗಿಂತ ಮೊದಲು ಮೂತ್ರಕೋಶದ ಒತ್ತಡ ಅಳೆಯಿರಿ, ಅದಕ್ಕೆ ಫೋಲಿ ಕ್ಯಾಥೆಟರ್ ಸಾಕು. ಹೊಟ್ಟೆಯ ಒತ್ತಡದ ಸರಾಸರಿ ಅರ್ಧದಷ್ಟು ಎದೆಗೆ ದಾಟುತ್ತದೆ, ಆದರೆ ಅದು ಮಿ.ಮೀ. ಪಾದರಸದಲ್ಲಿರುತ್ತದೆ, 1.36ರಿಂದ ಗುಣಿಸುವುದನ್ನು ಮರೆಯಬೇಡಿ.

ವೆಂಟಿಲೇಟರ್‌ಗೆ ಎರಡನೇ ಒತ್ತಡದ ಪೋರ್ಟ್ ಇರಬೇಕು ಎಂಬುದು ಕೊಳ್ಳುವ ಮೊದಲು ಕೇಳಬೇಕಾದ ಮೊದಲ ಪ್ರಶ್ನೆ. ಇಲ್ಲದಿದ್ದರೆ ಬಲೂನು ಕಪಾಟಿನಲ್ಲೇ ಉಳಿಯುತ್ತದೆ.

ತಲೆ ಎತ್ತರಿಸಿ, ಮೂಗಿನಿಂದ 50–60 ಸೆಂ.ಮೀ. ಒಳಗೆ, ಹೊಟ್ಟೆಯವರೆಗೆ ಇಳಿಸಿ. ಬಲೂನಿನ ಗಾಳಿಯನ್ನೆಲ್ಲ ತೆಗೆದು ಆಮೇಲೆ ತಯಾರಕರು ಹೇಳಿದಷ್ಟೇ ತುಂಬಿ. ಚಿಕ್ಕದಕ್ಕೆ 1 ಮಿ.ಲೀ. ಆಸುಪಾಸು, ದೊಡ್ಡದಕ್ಕೆ 4 ಮಿ.ಲೀ. ಆಸುಪಾಸು. ಮೇಲ್ಹೊಟ್ಟೆ ಒತ್ತಿದಾಗ ಒತ್ತಡ ಏರಿದರೆ ಹೊಟ್ಟೆಯಲ್ಲಿದೆ. ಈಗ ಮೆಲ್ಲಗೆ ಹಿಂದಕ್ಕೆ ಎಳೆಯಿರಿ. ಗೆರೆಯಲ್ಲಿ ಹೃದಯ ಬಡಿತದ ಸಣ್ಣ ಅಲೆಗಳು ಮೂಡುವ ಜಾಗ, ಸಾಮಾನ್ಯವಾಗಿ 35–45 ಸೆಂ.ಮೀ., ಸರಿಯಾದ ಜಾಗ. ಅಲೆಗಳು ಬಹಳ ದೊಡ್ಡದಾದರೆ ತುಸು ಸರಿಸಿ. ಕಡೆಯ ಪರೀಕ್ಷೆಗೆ ಎಕ್ಸ್‌ಪಿರೇಟರಿ ಹೋಲ್ಡ್ ಹಿಡಿದು, ಉಸಿರೆಳೆಯುವ ರೋಗಿಯಾದರೆ ಅವನ ಪ್ರಯತ್ನದಲ್ಲಿ, ನಿಶ್ಚೇಷ್ಟನಾದರೆ ಎದೆಯನ್ನು ಮೆಲ್ಲಗೆ ಒತ್ತಿ, ಅನ್ನನಾಳದ ಬದಲಾವಣೆಯನ್ನು ಶ್ವಾಸನಾಳದ ಬದಲಾವಣೆಯಿಂದ ಭಾಗಿಸಿ. 0.8ರಿಂದ 1.2ರೊಳಗೆ ಬರಬೇಕು. ಗಾಳಿ ಕಡಿಮೆಯಾದರೆ ಏರಿಳಿತ ಕುಗ್ಗುತ್ತದೆ, ಹೆಚ್ಚಾದರೆ ತಳದ ಅಂಕಿಯೇ ಸುಳ್ಳು ಎತ್ತರಕ್ಕೆ ಹೋಗುತ್ತದೆ. ಗಂಟೆಗಳು ಕಳೆದಂತೆ ಬಲೂನಿನಿಂದ ಗಾಳಿ ಜಿನುಗುತ್ತದೆ. ಪ್ರತಿ ಸಲ ಓದುವ ಮೊದಲು ಖಾಲಿ ಮಾಡಿ ಮತ್ತೆ ತುಂಬಿ.

ಅನ್ನನಾಳದ ರಕ್ತನಾಳ ಉಬ್ಬಿರುವ ಯಕೃತ್ ರೋಗಿ, ಇತ್ತೀಚೆಗೆ ಅನ್ನನಾಳದ ಶಸ್ತ್ರಚಿಕಿತ್ಸೆ ಆದವರು, ಆಸಿಡ್ ಕುಡಿದವರು ಇವರಿಗೆ ಬೇಡ. ತಲೆಬುರುಡೆಯ ಬುಡ ಒಡೆದಿದ್ದರೆ ಮೂಗಿನಿಂದ ಬೇಡ.

ಬಂದ ಅಂಕಿಯನ್ನು ಓದುವುದು ಹೇಗೆ ಎಂಬಲ್ಲಿ ಬಲೂನಿನವರೇ ಎರಡು ಪಂಗಡ. ಪ್ಲಾಟೊ 32, ಒಟ್ಟು ಪೀಪ್ 12, ಅನ್ನನಾಳದಲ್ಲಿ ಉಸಿರೆಳೆದಾಗ 20, ಬಿಟ್ಟಾಗ 14 ಇರುವ ರೋಗಿಯನ್ನು ತೆಗೆದುಕೊಳ್ಳಿ. ನೇರವಾಗಿ ಕಳೆದರೆ ಶ್ವಾಸಕೋಶದ ಪಾಲು ಉಸಿರು ಬಿಟ್ಟಾಗ −2, ಎಳೆದಾಗ 12. ಅಂದರೆ ಕೆಳಭಾಗ ಮುಚ್ಚಿಕೊಳ್ಳುತ್ತಿದೆ, ಪೀಪ್ ಏರಿಸಿ ಎನ್ನುತ್ತದೆ. ಇನ್ನೊಂದು ಲೆಕ್ಕ ಅನುಪಾತದ್ದು: ಡ್ರೈವಿಂಗ್ ಪ್ರೆಶರ್ 20ರಲ್ಲಿ ಎದೆಗೂಡಿಗೆ 6, ಶ್ವಾಸಕೋಶಕ್ಕೆ 14, ಅಂದರೆ 0.7 ಪಾಲು, 32 × 0.7 = 22.4. ಇದು 20ರ ಮೇಲಿದೆ, ಜಾಸ್ತಿಯಾಯಿತು ಎನ್ನುತ್ತದೆ. ಎರಡೂ ನಿಜ. ಅಂಗಾತ ಮಲಗಿದ ರೋಗಿಯಲ್ಲಿ ನೇರ ಲೆಕ್ಕ ಬಲೂನಿನ ಮಟ್ಟದ ಮತ್ತು ಅದರ ಕೆಳಗಿನ ಶ್ವಾಸಕೋಶವನ್ನು ಹೇಳುತ್ತದೆ, ಅನುಪಾತದ ಲೆಕ್ಕ ಎದೆಯ ಮುಂಭಾಗದ್ದನ್ನು. ಹಾಗಾಗಿ ಈ ರೋಗಿಗೆ ಪೀಪ್ ಮಾತ್ರ ಏರಿಸಿದರೆ ಮೇಲಿನ ಭಾಗ ಕೆಡುತ್ತದೆ. ಪೀಪ್ ಎರಡು ಅಂಕಿ ಏರಿಸುವ ಜೊತೆಗೆ ಟೈಡಲ್ ವಾಲ್ಯೂಮ್ ಇಳಿಸಬೇಕು, ಮಗುಚಿ ಮಲಗಿಸಬೇಕು.

ಎಲ್ಲರಿಗೂ ಬಲೂನು ಹಾಕುವುದಕ್ಕೆ ಪುರಾವೆ ಸಾಲದು. 2008ರ ಮೊದಲ ಪ್ರಯೋಗದಲ್ಲಿ 61 ರೋಗಿಗಳಿದ್ದರು, ಆಮ್ಲಜನಕ ಮತ್ತು ಕಂಪ್ಲಯನ್ಸ್ ಸುಧಾರಿಸಿದವು. 2019ರ ದೊಡ್ಡ ಪ್ರಯೋಗದ 200 ರೋಗಿಗಳಲ್ಲಿ, ಹೆಚ್ಚು ಪೀಪ್‌ನ ಕೋಷ್ಟಕಕ್ಕೆ ಹೋಲಿಸಿದಾಗ ಸಾವು ಮತ್ತು ವೆಂಟಿಲೇಟರ್ ಇಲ್ಲದ ದಿನಗಳಲ್ಲಿ ವ್ಯತ್ಯಾಸ ಕಾಣಲಿಲ್ಲ.

ಇಐಟಿ ಬೆಲ್ಟ್

ಎದೆಯ ಸುತ್ತ 16 ಅಥವಾ 32 ಎಲೆಕ್ಟ್ರೋಡ್‌ಗಳ ಪಟ್ಟಿ ಸುತ್ತಿ, ಸಣ್ಣ ವಿದ್ಯುತ್ ಹರಿಸಿ, ಗಾಳಿ ಎಲ್ಲಿ ಹೋಗುತ್ತಿದೆ ಎಂದು ಉಸಿರುಸಿರಿಗೂ ತೋರಿಸುತ್ತದೆ. ಉಳಿದ ವಿಧಾನಗಳೆಲ್ಲ ಇಡೀ ಶ್ವಾಸಕೋಶಕ್ಕೆ ಒಂದು ಅಂಕಿ ಕೊಟ್ಟರೆ ಇದು ಭಾಗಭಾಗವಾಗಿ ಕೊಡುತ್ತದೆ. ಪಟ್ಟಿ 4–5ನೇ ಪಕ್ಕೆಲುಬಿನ ಸಂದಿನಲ್ಲಿರಬೇಕು. ಕೆಳಗೆ ಜಾರಿದರೆ ವಪೆ ಚಿತ್ರದೊಳಗೆ ಬಂದು ಗಾಳಿ ಇಲ್ಲದ ಜಾಗ ಸುಳ್ಳಾಗಿ ಕಾಣುತ್ತದೆ. ಪೇಸ್‌ಮೇಕರ್ ಅಥವಾ ಡಿಫಿಬ್ರಿಲೇಟರ್ ಒಳಗಿದ್ದವರಿಗೆ ಹಾಕುವಂತಿಲ್ಲ. ಎದೆಯ ಮೇಲೆ ಡ್ರೆಸ್ಸಿಂಗ್, ಚೆಸ್ಟ್ ಟ್ಯೂಬ್ ಇದ್ದರೆ ಸಂಪರ್ಕ ಸಿಗುವುದಿಲ್ಲ.

ಪೀಪನ್ನು ಎರಡೆರಡು ಅಂಕಿ ಇಳಿಸುತ್ತ ಹೋದಂತೆ ಅತಿಯಾಗಿ ಹಿಗ್ಗಿದ ಭಾಗದ ಗೆರೆ ಇಳಿಯುತ್ತದೆ, ಮುಚ್ಚಿದ ಭಾಗದ ಗೆರೆ ಏರುತ್ತದೆ. ಎರಡೂ ದಾಟುವ ಜಾಗದ ಹತ್ತಿರದ ಪೀಪ್ ಆರಿಸುತ್ತಾರೆ. ನೋಡಲು ಬಹಳ ಚೆಂದ. ಆದರೆ ಒಂದು ಮಾತು: ಆ ಶೇಕಡಾವಾರು ಅಂಕಿಗಳು ನೀವು ಹೋದ ಪೀಪ್ ವ್ಯಾಪ್ತಿಯೊಳಗಿನ ಹೋಲಿಕೆ ಮಾತ್ರ. 16ರಿಂದ ಶುರು ಮಾಡಿದಾಗ ತೆರೆಯದೇ ಉಳಿದ ಭಾಗವನ್ನು ಅದು ಲೆಕ್ಕಕ್ಕೇ ತರುವುದಿಲ್ಲ. ನಿಮಗೆ ಎರಡೂ ಕಡೆಯ ರೋಗ ಸಮನಾಗಿಲ್ಲದ, ಪೀಪ್ ಏರಿಸಿದಷ್ಟೂ ಕೆಡುವ ರೋಗಿಗಳು ಹೆಚ್ಚಿದ್ದರೆ ಇದರ ಬೆಲೆ ಕಾಣುತ್ತದೆ.

ಅಲ್ಟ್ರಾಸೌಂಡ್ ಬಗ್ಗೆ ಎರಡೇ ಮಾತು. 12 ಜಾಗದಲ್ಲಿ 0ರಿಂದ 3 ಅಂಕ ಕೊಟ್ಟು ಒಟ್ಟು 36ರ ಲೆಕ್ಕ ಇಡುವುದು ಮುಚ್ಚಿದ ಭಾಗ, ನೀರು, ನ್ಯೂಮೊಥೊರಾಕ್ಸ್ ಹುಡುಕಲು ಒಳ್ಳೆಯದು. ಅತಿಯಾಗಿ ಹಿಗ್ಗಿದ್ದನ್ನು ಅದು ಕಾಣಲಾರದು. ಆದ್ದರಿಂದ ಅದನ್ನೊಂದನ್ನೇ ನಂಬಿ ಪೀಪ್ ಏರಿಸಬೇಡಿ.

ರೋಗಿ ತಾನೇ ಉಸಿರೆಳೆಯುತ್ತಿರುವಾಗ

ರೋಗಿ ಎಳೆದ ಉಸಿರಿಗೆ ಯಂತ್ರ ಒತ್ತಾಸೆ ಕೊಡುವ ಪ್ರೆಶರ್ ಸಪೋರ್ಟ್‌ಗೆ ಬಂದ ಮೇಲೆ ಪರದೆ ನಿರಾಳವಾಗಿ ಕಾಣುತ್ತದೆ, ಶ್ವಾಸಕೋಶ ನಿರಾಳವಾಗಿದೆ ಎಂದೇನೂ ಅಲ್ಲ. ಇಲ್ಲಿ ಮೂರು ಬಟನ್ ಪರೀಕ್ಷೆಗಳಿವೆ.

ಪಿ0.1 ಎಂದರೆ ಮುಚ್ಚಿದ ಕೊಳವೆಯ ವಿರುದ್ಧ ಉಸಿರೆಳೆದ ಮೊದಲ 0.1 ಸೆಕೆಂಡಿನಲ್ಲಿ ಒತ್ತಡ ಬಿದ್ದಷ್ಟು. ಮೆದುಳು ಎಷ್ಟು ಒತ್ತಾಯಿಸುತ್ತಿದೆ ಎಂಬುದರ ಅಳತೆ. 1ಕ್ಕಿಂತ ಕೆಳಗಿದ್ದರೆ ಸಪೋರ್ಟ್ ಅಥವಾ ನಿದ್ರೆಯ ಔಷಧ ಹೆಚ್ಚಾಗಿದೆ, 4ರ ಮೇಲಿದ್ದರೆ ಒತ್ತಾಯ ಜೋರು. ಮೂರು ನಾಲ್ಕು ಓದಿ ಸರಾಸರಿ ಹಿಡಿಯಿರಿ. ಕೆಲವು ಯಂತ್ರಗಳು ನಿಜವಾಗಿ ಮುಚ್ಚದೆ ಟ್ರಿಗರ್ ಹೊತ್ತಿನ ಇಳಿತದಿಂದ ಅಂದಾಜು ಮಾಡುತ್ತವೆ, ಅವು ಕಡಿಮೆ ತೋರಿಸಬಹುದು. ಕಟ್ಟುಹಾವು (ಕ್ರೇಟ್) ಕಡಿದು ಅಥವಾ ಗುಯಿಲ್ಲನ್–ಬಾರೆ ರೋಗದಿಂದ ಸ್ನಾಯುವೇ ಸೋತಿರುವಾಗ ಕಡಿಮೆ ಅಂಕಿ ಕಂಡು ಸಮಾಧಾನಪಡಬೇಡಿ. ಒತ್ತಾಯವಿದೆ, ಎಳೆಯಲು ಶಕ್ತಿಯಿಲ್ಲ.

ಎರಡನೆಯದು ಒಂದು ಪೂರ್ತಿ ಉಸಿರಿಗೆ ಎಕ್ಸ್‌ಪಿರೇಟರಿ ಹೋಲ್ಡ್ ಹಿಡಿದು ಒತ್ತಡ ಎಷ್ಟು ಆಳಕ್ಕೆ ಬೀಳುತ್ತದೆ ನೋಡುವುದು. ಈ ಹೋಲಿಕೆಯಲ್ಲೆಲ್ಲ ಖರ್ಚಿಗೆ ತಕ್ಕ ಮಾಹಿತಿ ಅತಿ ಹೆಚ್ಚು ಕೊಡುವುದು ಇದೇ. ಪೀಪ್ 8, ಸಪೋರ್ಟ್ 10, ಪೀಕ್ 18. ಹೋಲ್ಡ್‌ನಲ್ಲಿ ಒತ್ತಡ 8ರಿಂದ −12ಕ್ಕೆ, ಅಂದರೆ 20ರಷ್ಟು ಬಿತ್ತು. ಸ್ನಾಯುವಿನ ಶ್ರಮ ಅದರ ಮುಕ್ಕಾಲು, ಸುಮಾರು 15. ಶ್ವಾಸಕೋಶದ ಮೇಲೆ ಬೀಳುತ್ತಿರುವುದು ಯಂತ್ರದ 10ಕ್ಕೆ 20ರ ಮೂರನೇ ಎರಡು ಪಾಲು ಕೂಡಿಸಿದಷ್ಟು, 23ರ ಮೇಲೆ. ಪರದೆ ಮಾತ್ರ 10 ಎನ್ನುತ್ತಿದೆ! 16–17 ದಾಟಿದರೆ ಸುಮ್ಮನಿರಬಾರದು: ಜ್ವರ, ನೋವು, ಆಮ್ಲತೆ ನೋಡಿ, ಸಪೋರ್ಟ್ ಬದಲಿಸಿ ನೋಡಿ, ಆಗದಿದ್ದರೆ ಸೆಡೇಶನ್. ರೋಗಿಗೆ ಮುನ್ಸೂಚನೆ ಕೊಡದೆ, ಬಿಟ್ಟುಬಿಟ್ಟು ಮೂರು ಸಲ ಮಾಡಿ. ಸತತವಾಗಿ ಮುಚ್ಚಿದರೆ ಗಾಬರಿಯಾಗಿ ಇನ್ನೂ ಜೋರಾಗಿ ಎಳೆಯುತ್ತಾನೆ. ಇದು ಅಂದಾಜಿನ ಸೂತ್ರ, ಅಪಾಯ ಇದೆಯೇ ಇಲ್ಲವೇ ಎಂದು ಹೇಳಲು ಸಾಕು, ಒಂದೆರಡು ಅಂಕಿಯ ವ್ಯತ್ಯಾಸ ಹಿಂಬಾಲಿಸಲು ಸಾಲದು. ಅದು ಬೇಕಿದ್ದರೆ ಬಲೂನು.

ಮೂರನೆಯದು ಪ್ರೆಶರ್ ಸಪೋರ್ಟ್‌ನಲ್ಲೇ ಇನ್‌ಸ್ಪಿರೇಟರಿ ಹೋಲ್ಡ್. ಗೆರೆ ಸಮತಟ್ಟಾಗಿ ನಿಂತರೆ ಮಾತ್ರ ಓದಿ. ಅದು ಪೀಪ್ ಮತ್ತು ಸಪೋರ್ಟ್‌ನ ಮೊತ್ತಕ್ಕಿಂತ ಮೇಲೆ ಹೋದಷ್ಟೂ ರೋಗಿಯ ಎಳೆತ ಜಾಸ್ತಿ. 6ಕ್ಕಿಂತ ಹೆಚ್ಚು ಏರಿದರೆ ಜೋರು ಎಂದೇ ಅರ್ಥ. ಇದರಿಂದ ಡ್ರೈವಿಂಗ್ ಪ್ರೆಶರ್ ಕೂಡ ಸಿಗುತ್ತದೆ ಎಂಬುದು ಹೆಚ್ಚುವರಿ ಲಾಭ.

ಯಾರಿಗೆ ಯಾವುದು?

ಆರು ಹಾಸಿಗೆಯ ತಾಲ್ಲೂಕು ಅಥವಾ ಜಿಲ್ಲಾ ಆಸ್ಪತ್ರೆಯ ಐಸಿಯು ಆದರೆ ಯಾವ ಹೊಸ ಸಾಧನವೂ ಬೇಡ. ನಿಶ್ಚೇಷ್ಟ ರೋಗಿಗೆ ಪಾಳಿಗೊಮ್ಮೆ ಮತ್ತು ಪ್ರತಿ ಸೆಟ್ಟಿಂಗ್ ಬದಲಾವಣೆಯ ನಂತರ ಪ್ಲಾಟೊ, ಒಟ್ಟು ಪೀಪ್, ಡ್ರೈವಿಂಗ್ ಪ್ರೆಶರ್. ಉಸಿರೆಳೆಯುವ ರೋಗಿಗೆ ಪಾಳಿಗೊಮ್ಮೆ ಪಿ0.1 ಮತ್ತು ಎಕ್ಸ್‌ಪಿರೇಟರಿ ಹೋಲ್ಡ್. ಕರಾವಳಿಯ ಇಲಿಜ್ವರ, ಡೆಂಗಿ, ನ್ಯುಮೋನಿಯಾದ ಎಆರ್‌ಡಿಎಸ್ ಬಹುಪಾಲು ಇಷ್ಟರಲ್ಲೇ ನಿಭಾಯಿಸಬಹುದು. ಮಗುಚಿ ಮಲಗಿಸಲು ಜನ ಸಾಕಷ್ಟಿಲ್ಲದ ಕಡೆ ಬಲೂನಿಗೆ ಕೊಡುವ ಹಣ ಇನ್ನೊಬ್ಬ ನರ್ಸ್‌ಗೆ ಹೋದರೆ ಹೆಚ್ಚು ಉಪಯೋಗ.

ಗಂಭೀರ ಎಆರ್‌ಡಿಎಸ್ ಮತ್ತು ಬೊಜ್ಜಿನ ರೋಗಿಗಳನ್ನು ನಿಯಮಿತವಾಗಿ ನೋಡುವ ಕೇಂದ್ರಕ್ಕೆ ಆರ್/ಐ ಮೊದಲು, ಬಲೂನು ಎರಡನೆಯದು. ಇಸಿಎಂಒ (ದೇಹದ ಹೊರಗೆ ರಕ್ತಕ್ಕೆ ಆಮ್ಲಜನಕ ಸೇರಿಸುವ ಯಂತ್ರ) ನಡೆಸುವ, ಕಲಿಸುವ ಕೇಂದ್ರಗಳಿಗೆ ಇಐಟಿ ಒಪ್ಪುತ್ತದೆ, ಅದನ್ನು ಪ್ರತಿದಿನ ಬಳಸುವ ಇಬ್ಬರಾದರೂ ಇದ್ದರೆ. ಸಿಒಪಿಡಿ, ಆಸ್ತಮಾಗೆ ಬಲೂನು, ಇಐಟಿ ಎರಡೂ ಬೇಡ; ಎಕ್ಸ್‌ಪಿರೇಟರಿ ಹೋಲ್ಡ್ ಮತ್ತು ಪೀಕ್–ಪ್ಲಾಟೊ ಅಂತರವೇ ಅಲ್ಲಿ ಮುಖ್ಯ, ಜೊತೆಗೆ ಉಸಿರು ಬಿಡುವ ಹರಿವು ಮುಂದಿನ ಉಸಿರಿಗೆ ಮೊದಲು ಸೊನ್ನೆಗೆ ಬರುತ್ತಿದೆಯೇ ಎಂಬುದು. ಹೋಲ್ಡ್‌ನಲ್ಲಿ ಆಟೊ ಪೀಪ್ ಕಡಿಮೆ ಕಂಡು ಪ್ಲಾಟೊ ಮಾತ್ರ ಹೆಚ್ಚಿದ್ದರೆ, ಮುಚ್ಚಿಹೋದ ಸಣ್ಣ ಶ್ವಾಸನಾಳಗಳ ಹಿಂದೆ ಗಾಳಿ ಸಿಕ್ಕಿಹಾಕಿಕೊಂಡಿದೆ. ಆಸ್ತಮಾದಲ್ಲಿ ಆ ಪ್ಲಾಟೊವನ್ನೇ ನಂಬಿ.

ಯಂತ್ರ ಮಾರುವವರೊಡನೆ ಮಾತಿಗೆ ಕೂತಾಗ ಬೆಲೆಗಿಂತ ಮೊದಲು ಕೇಳಿ: ಪ್ರೆಶರ್ ಸಪೋರ್ಟ್ ಮೋಡ್‌ನಲ್ಲಿ ಎರಡೂ ಹೋಲ್ಡ್ ಕೆಲಸ ಮಾಡುತ್ತವೆಯೇ? ಪಿ0.1ಕ್ಕೆ ನಿಜವಾಗಿ ಕೊಳವೆ ಮುಚ್ಚುತ್ತದೆಯೇ? ಹರಿವನ್ನು ನಿಮಿಷಕ್ಕೆ 6 ಲೀಟರ್‌ಗೆ ಇಳಿಸಲು ಬರುತ್ತದೆಯೇ? ಹೋಲ್ಡ್‌ನ ಚಿತ್ರವನ್ನು ನಿಲ್ಲಿಸಿ ಕರ್ಸರ್ ಇಟ್ಟು ಓದಲು ಆಗುತ್ತದೆಯೇ? ಇಐಟಿಯಾದರೆ ಬೆಲ್ಟ್ ಒಂದು ರೋಗಿಗೋ ಹಲವರಿಗೋ, ಚಿಕ್ಕ ಅಳತೆಯ ಬೆಲ್ಟ್ ದಾಸ್ತಾನಿನಲ್ಲಿ ಸಿಗುತ್ತದೆಯೇ, ಕೆಟ್ಟರೆ ಎಷ್ಟು ದಿನದಲ್ಲಿ ಬರುತ್ತದೆ ಎಂಬುದನ್ನು ಬರವಣಿಗೆಯಲ್ಲಿ ಪಡೆಯಿರಿ.